ಸಹಾಯ ಬೇಕು: ಮುಂಗಡ ವೈದ್ಯಕೀಯ ನಿರ್ದೇಶನ – ಭಾರತ, ಇಂಗ್ಲೆಂಡ್, ಜರ್ಮನಿ ಹೋಲಿಕೆ

ಮುಂದೆ ತಾನೇ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರವೇ ಈ ನಿರ್ದೇಶನ. ಇದರ ಬಗ್ಗೆ ಮೂರೂ ದೇಶಗಳ ನಿಯಮಗಳನ್ನು ಪಕ್ಕಪಕ್ಕ ಇಟ್ಟು ಟಿಪ್ಪಣಿ ಸಿದ್ಧವಾಗುತ್ತಿದೆ. ಒಂದು ಕಡೆ ಬಲ್ಲವರ ನೆರವು ಬೇಕು.

ಇಂಗ್ಲೆಂಡಿನಲ್ಲಿ 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯಂತೆ ಜೀವ ಉಳಿಸುವ ಚಿಕಿತ್ಸೆ ಬೇಡವೆನ್ನಲು ಬರಹ, ಸಹಿ, ಒಬ್ಬ ಸಾಕ್ಷಿ, ಜತೆಗೆ 'ಜೀವಕ್ಕೆ ಅಪಾಯವಾದರೂ ಸರಿ' ಎಂಬ ಸ್ಪಷ್ಟ ಮಾತು ಇರಬೇಕು. ಈ ಮಾತು ಬಿಟ್ಟುಹೋದರೆ ಉಳಿದದ್ದೆಲ್ಲ ಸರಿಯಿದ್ದರೂ ಅದು ವೈದ್ಯರನ್ನು ಕಟ್ಟಿಹಾಕುವುದಿಲ್ಲ. ಜರ್ಮನಿಯಲ್ಲಿ ಬರಹ, ಸಹಿ ಸಾಕು. ಹಳೆಯ ಪುಸ್ತಕಗಳಲ್ಲಿ ಕಾಣುವ, ಅಲ್ಲಿನ ನಾಗರಿಕ ಸಂಹಿತೆಯ (ಬಿಜಿಬಿ) 1901ಎ ಕಲಮು 2023ರಿಂದ 1827 ಆಗಿದೆ, ಗಮನಿಸಿ.

ನಮ್ಮಲ್ಲಿ ಇದಕ್ಕೆ ಕಾಯ್ದೆಯೇ ಇಲ್ಲ, ಸುಪ್ರೀಂ ಕೋರ್ಟಿನ 2018ರ ಕಾಮನ್ ಕಾಸ್ ತೀರ್ಪೇ ಆಧಾರ. ಅದನ್ನಷ್ಟೇ ಓದಿದವರು ಮ್ಯಾಜಿಸ್ಟ್ರೇಟರ ಮೇಲುಸಹಿ ಬೇಕೆಂದು ಈಗಲೂ ಬರೆಯುತ್ತಾರೆ. ಅದೇ ಕೋರ್ಟು 2023ರಲ್ಲಿ ಮಾಡಿದ ಮಾರ್ಪಾಡಿನ ನಂತರ ಇಬ್ಬರು ಸಾಕ್ಷಿಗಳ ಜತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಆದರೆ ಜಾರಿಗೆ ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆ ಬೇಕು. ಪತ್ರ ಬರೆಯುವ ಹಂತವನ್ನಷ್ಟೇ ಹೋಲಿಸಿದರೆ ಈ ದೊಡ್ಡ ಅಂತರ ಕಣ್ಣಿಗೇ ಬೀಳುವುದಿಲ್ಲ.

ಬೇಕಿರುವುದು ಇಷ್ಟು: ಕರ್ನಾಟಕದ 2025ರ ಜನವರಿ ಸುತ್ತೋಲೆಯಂತೆ ಎರಡನೇ ಮಂಡಳಿಗೆ ಜಿಲ್ಲಾ ಆರೋಗ್ಯಾಧಿಕಾರಿ ವೈದ್ಯರನ್ನು ಹೆಸರಿಸುವ ಆದೇಶದ ನಮೂನೆ, ಕನ್ನಡದ್ದಾದರೆ ಇನ್ನೂ ಒಳ್ಳೆಯದು. ರೋಗಿಯ ಗುರುತು ಅಳಿಸಿಯೇ ಹಾಕಿ. ಖಾಸಗಿ ಆಸ್ಪತ್ರೆಗಳಿಗೆ ಈ ವೈದ್ಯರನ್ನು ಮೊದಲೇ ಮಾಡಿಟ್ಟ ಪಟ್ಟಿಯಿಂದ ಕಳಿಸುತ್ತಾರೋ, ಪ್ರತಿ ಸಲ ಹೊಸದಾಗಿ ಪತ್ರ ಬರೆಯಬೇಕೋ?