ಪದಚರ್ಚೆ: ‘ಇನ್‌ಸ್ಟಿಟ್ಯೂಷನಲ್ ರೇಸಿಸಂ’ ಅಂದರೆ ದ್ವೇಷವೇ? ‘ಮಿಸ್‌ಟ್ರಸ್ಟ್’ಗೆ ಒಂದೇ ಪದ ಸಾಕೇ?

ಎಲ್ಲರಿಗೂ ನಮಸ್ಕಾರ.

ಲಂಡನ್ ಪೊಲೀಸರು ಮತ್ತು ಅಲ್ಲಿನ ಕಪ್ಪು ಜನರ ನಡುವಿನ ಸಂಬಂಧದ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ನಿಘಂಟಿನಲ್ಲಿ ಅರ್ಥ ಸಿಗುತ್ತದೆ, ಆದರೆ ಆ ಅರ್ಥವನ್ನು ತಂದಿಟ್ಟರೆ ನಡೆದ ಸಂಗತಿಯೇ ಬೇರೆಯಾಗಿ ಕಾಣುತ್ತದೆ. ಬಲ್ಲವರು ದಾರಿ ತೋರಿಸಬೇಕು.

ಹಿನ್ನೆಲೆ ಹೀಗಿದೆ. 1993ರ ಏಪ್ರಿಲ್ 22ರ ರಾತ್ರಿ ಆಗ್ನೇಯ ಲಂಡನ್ನಿನ ಎಲ್ಟಮ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದ 18 ವರ್ಷದ ಸ್ಟೀಫನ್ ಲಾರೆನ್ಸ್‌ನನ್ನು ಬಿಳಿಯ ಯುವಕರ ಗುಂಪೊಂದು ಇರಿದು ಕೊಂದಿತು. ಜೊತೆಗಿದ್ದ ಗೆಳೆಯ ಡ್ವೇಯ್ನ್ ಬ್ರೂಕ್ಸ್ ಆಂಬುಲೆನ್ಸಿಗಾಗಿ ಫೋನ್ ಮಾಡಿ, ಗಾಬರಿಯಲ್ಲಿ ಕೂಗಾಡುತ್ತಿದ್ದ. ಬಂದ ಪೊಲೀಸರಿಗೆ ಅವನು ಕಣ್ಣೆದುರೇ ಗೆಳೆಯನನ್ನು ಕಳೆದುಕೊಳ್ಳುತ್ತಿರುವ ಹುಡುಗನಾಗಿ ಕಾಣಲಿಲ್ಲ. ರೇಗಾಡುವ, ಸಹಕರಿಸದ ಕಪ್ಪು ಹುಡುಗನಾಗಿ ಕಂಡ. ಕೊಲೆಗಾರರ ಪೈಕಿ ಇಬ್ಬರಿಗೆ ಶಿಕ್ಷೆಯಾಗಲು 2012ರವರೆಗೆ ಕಾಯಬೇಕಾಯಿತು. ನಡುವೆ, ಸ್ಟೀಫನ್ನನ ತಾಯಿತಂದೆ ಬಿಡದೆ ಹೋರಾಡಿದ್ದರಿಂದ ನಡೆದ ವಿಚಾರಣೆಯ ವರದಿಯನ್ನು ನಿವೃತ್ತ ನ್ಯಾಯಾಧೀಶ ವಿಲಿಯಂ ಮ್ಯಾಕ್ಫರ್ಸನ್ 1999ರ ಫೆಬ್ರುವರಿಯಲ್ಲಿ ಕೊಟ್ಟರು. ‘ಇನ್‌ಸ್ಟಿಟ್ಯೂಷನಲ್ ರೇಸಿಸಂ’ ಎಂಬ ಮಾತು ಜನಜನಿತವಾದದ್ದು ಆ ವರದಿಯಿಂದ.

ನಮ್ಮ ಪತ್ರಿಕೆಗಳು ರೇಸಿಸಂ ಬಂದಲ್ಲೆಲ್ಲ ‘ಜನಾಂಗೀಯ ದ್ವೇಷ’ ಎಂದು ಬರೆಯುತ್ತವೆ. ಈ ಜಾಗದಲ್ಲಿ ಅದು ತಪ್ಪು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ವರದಿಯ ವ್ಯಾಖ್ಯೆಯ ಸಾರ ಇಷ್ಟು: ಬಣ್ಣ, ಸಂಸ್ಕೃತಿ ಅಥವಾ ಮೂಲದ ಕಾರಣಕ್ಕೆ ಜನರಿಗೆ ಸಲ್ಲಬೇಕಾದ ಸೇವೆಯನ್ನು ಸಲ್ಲಿಸುವಲ್ಲಿ ಒಂದು ಸಂಸ್ಥೆ ಒಟ್ಟಾಗಿ ಸೋಲುವುದು. ಆ ಸೋಲಿಗೆ ಕಾರಣವಾಗಿ ಅದು ಹೆಸರಿಸುವುದು ತನಗೇ ಅರಿವಿಲ್ಲದ ಪೂರ್ವಗ್ರಹ, ಅಜ್ಞಾನ, ಯೋಚನೆಯಿಲ್ಲದ ನಡವಳಿಕೆ, ಜನರನ್ನು ಅಚ್ಚಿಗೆ ಹಾಕಿ ನೋಡುವ ಅಭ್ಯಾಸ. ದ್ವೇಷದ ಮಾತೇ ಅಲ್ಲಿಲ್ಲ. ‘ದ್ವೇಷ’ ಎಂದು ಬರೆದ ಕೂಡಲೇ ಓದುಗ ದ್ವೇಷಿಸುವವನನ್ನು ಹುಡುಕುತ್ತಾನೆ. ‘ನಮ್ಮಲ್ಲಿ ಯಾರಿಗೂ ಅಂಥ ಭಾವನೆ ಇಲ್ಲ’ ಎಂದು ಇಲಾಖೆ ಹೇಳಿದರೆ ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಲಾರೆನ್ಸ್ ಕುಟುಂಬ ಇಷ್ಟು ವರ್ಷ ಕಷ್ಟಪಟ್ಟು ತೋರಿಸಿಕೊಟ್ಟದ್ದನ್ನು ಅನುವಾದದ ಒಂದು ಪದ ಅಳಿಸಿಹಾಕಬಾರದು.

ಅಲ್ಲಿಯೂ ಜಗಳ ನಡೆದಿರುವುದು ಈ ಪದದ ಮೇಲೆಯೇ. ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ ಗಲಭೆಯ ಬಗ್ಗೆ 1981ರಲ್ಲಿ ವರದಿ ಕೊಟ್ಟ ನ್ಯಾಯಾಧೀಶ ಲಾರ್ಡ್ ಸ್ಕಾರ್ಮನ್ ಬ್ರಿಟನ್ನಿನಲ್ಲಿ ಅಂಥದ್ದು ಇಲ್ಲ ಎಂದರು. ಮ್ಯಾಕ್ಫರ್ಸನ್ ಇದೆ ಎಂದರು. 2023ರಲ್ಲಿ, ಲಂಡನ್ ಪೊಲೀಸ್ ಇಲಾಖೆಯನ್ನು ಪರಿಶೀಲಿಸಿದ ಲೂಯಿಸ್ ಕೇಸಿ ತಮ್ಮ ವರದಿಯಲ್ಲಿ ಈಗಲೂ ಇದೆ ಎಂದಾಗ, ಲಂಡನ್ ಪೊಲೀಸ್ ಕಮಿಷನರ್ ಮಾರ್ಕ್ ರೌಲಿ ವರದಿ ಕಂಡುಕೊಂಡದ್ದನ್ನು ಒಪ್ಪಿದರು, ‘ಇನ್‌ಸ್ಟಿಟ್ಯೂಷನಲ್’ ಎಂಬ ಪದವನ್ನು ಮಾತ್ರ ತಾವು ಬಳಸುವುದಿಲ್ಲ ಎಂದರು. ಇಷ್ಟು ಭಾರ ಹೊತ್ತ ವಿಶೇಷಣವನ್ನು ಕನ್ನಡದಲ್ಲಿ ಕೈಬಿಡುವಂತಿಲ್ಲ.

ನನಗೆ ಹಿಡಿಸಿರುವುದು ‘ಭೇದ’. ಪಂಕ್ತಿಭೇದ ಎಂಬ ಪದ ನಮ್ಮಲ್ಲಿದೆಯಲ್ಲ, ಅಲ್ಲಿ ಭೇದ ಇರುವುದು ಸಾಲು ಹಾಕಿದ ರೀತಿಯಲ್ಲಿ. ಬಡಿಸುವವರು ಎಷ್ಟೇ ಅಕ್ಕರೆಯವರಾಗಿರಲಿ, ಸಾಲು ಬೇರೆಯೇ. ದ್ವೇಷವಿಲ್ಲದೆಯೂ ಭೇದ ನಡೆಯುತ್ತದೆ ಎಂಬುದು ಕನ್ನಡಿಗರಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ಇನ್ನು ಅದರ ಮುಂದೆ ಏನು ಸೇರಿಸುವುದು? ‘ವರ್ಣಭೇದ’ ಎಂದರೆ ಓದುಗರಿಗೆ ನೆನಪಾಗುವುದು ದಕ್ಷಿಣ ಆಫ್ರಿಕಾ, ಜೊತೆಗೆ ನಾಲ್ಕು ವರ್ಣಗಳ ನೆರಳು. ‘ಜನಾಂಗ’ವನ್ನು ನಾವು ಜಾತಿಗೂ ಬಳಸುತ್ತೇವೆ. ಸದ್ಯಕ್ಕೆ ‘ಸಾಂಸ್ಥಿಕ ಜನಾಂಗಭೇದ’ ಎಂದು ಬರೆದಿಟ್ಟಿದ್ದೇನೆ. ‘ಸಾಂಸ್ಥಿಕ’ ತೀರಾ ಕಚೇರಿ ಕಾಗದದ ಪದ ಅನ್ನಿಸಿದರೆ ಬೇರೆ ಸೂಚಿಸಿ.

‘ಸ್ಟೀರಿಯೊಟೈಪ್’ಗೆ ‘ಪಡಿಯಚ್ಚು’ ಸಾಕು. ‘ಪೂರ್ವಗ್ರಹ’ ಬೇಡ, ಆ ವ್ಯಾಖ್ಯೆಯಲ್ಲೇ ಅದಕ್ಕೆ ಬೇರೆ ಕೆಲಸವಿದೆ. ಪಡಿಯಚ್ಚು ಎಂದರೇನೆಂದು ಕೇಳುವವರಿಗೆ ಬೆಂಗಳೂರಿನದೇ ಉದಾಹರಣೆ ಉಂಟು. 2016ರಲ್ಲಿ ಹೆಸರಘಟ್ಟದ ಕಡೆ ಸುಡಾನ್ ದೇಶದವನೊಬ್ಬನ ಕಾರು ಗುದ್ದಿ ಮಹಿಳೆಯೊಬ್ಬರು ತೀರಿಕೊಂಡಾಗ, ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಜನರ ಕಣ್ಣಿಗೆ ಇಬ್ಬರೂ ಒಂದೇ ಅಚ್ಚಿನವರು.

ನಿಜವಾಗಿ ತೊಡಕಾಗಿರುವುದು ‘ಮಿಸ್‌ಟ್ರಸ್ಟ್’. ಮೂಲ ಲೇಖನದಲ್ಲಿ ಎರಡೂ ಕಡೆಯವರಿಗೆ ಅದೇ ಪದವಿದೆ, ನಾನೂ ಮೊದಲ ಕರಡಿನಲ್ಲಿ ‘ಪರಸ್ಪರ ಅಪನಂಬಿಕೆ’ ಎಂದು ಬರೆದೆ. ಓದಿದರೆ ಬೇಲಿ ಜಗಳದ ಇಬ್ಬರು ನೆರೆಯವರ ಹಾಗೆ ಕೇಳುತ್ತದೆ. ಅಲ್ಲಿ ಇದ್ದದ್ದು ಹಾಗಲ್ಲ. 1824ರ ಅಲೆಮಾರಿ ಕಾಯ್ದೆಯ ನಾಲ್ಕನೇ ಸೆಕ್ಷನ್ನನ್ನು ಜನ ‘ಸಸ್’ (‘ಸಸ್ಪೆಕ್ಟೆಡ್ ಪರ್ಸನ್’, ಅಂದರೆ ಶಂಕಿತ ವ್ಯಕ್ತಿ ಎಂಬುದರ ಮೊಟಕು) ಎಂದು ಕರೆಯುತ್ತಿದ್ದರು. ಕಳ್ಳತನವೇ ಆಗಿರಬೇಕೆಂದಿಲ್ಲ, ಮಾಡುವ ಉದ್ದೇಶದಿಂದ ಸುಳಿದಾಡುತ್ತಿದ್ದ ಅನ್ನಿಸಿದರೆ ಹಿಡಿಯಬಹುದಿತ್ತು, ಪೊಲೀಸರ ಮಾತೇ ಸಾಕ್ಷಿಯಾಗಿ ನಡೆಯುತ್ತಿತ್ತು. ಹೆಚ್ಚಾಗಿ ಸಿಕ್ಕಿಬಿದ್ದವರು ಕಪ್ಪು ಹುಡುಗರು. 1981ರ ಏಪ್ರಿಲ್‌ನಲ್ಲಿ ಬ್ರಿಕ್ಸ್‌ಟನ್‌ನಲ್ಲಿ ‘ಸ್ವಾಂಪ್ 81’ ಎಂಬ ಕಾರ್ಯಾಚರಣೆ ನಡೆಸಿ, ಮಫ್ತಿಯಲ್ಲಿದ್ದ ಪೊಲೀಸರು ಕೆಲವೇ ದಿನಗಳಲ್ಲಿ 943 ಜನರನ್ನು ತಡೆದು ತಡಕಿದರು. ಆ ವಾರಾಂತ್ಯದಲ್ಲೇ ಬ್ರಿಕ್ಸ್‌ಟನ್ ಹೊತ್ತಿ ಉರಿಯಿತು. ‘ಸಸ್’ ಅದೇ ವರ್ಷ ರದ್ದಾಯಿತು.

ಇಲ್ಲಿ ಪೊಲೀಸರದ್ದು ಗುಮಾನಿ. ಅದರ ಹಿಂದೆ ಲಾಠಿ, ಬೇಡಿ, ಠಾಣೆ ಇವೆ. ಗುಮಾನಿ ಪಟ್ಟ ಮಾತ್ರಕ್ಕೆ ಎದುರಿನವನ ಜೇಬಿಗೆ ಕೈಹಾಕಬಹುದು. ಕಪ್ಪು ಜನರದ್ದು ಅಪನಂಬಿಕೆ. ಮೊದಲು ನಂಬಿ, ಪೆಟ್ಟು ತಿಂದು, ಆಮೇಲೆ ಬಂದದ್ದು. ಡ್ವೇಯ್ನ್ ಬ್ರೂಕ್ಸ್ ಆ ರಾತ್ರಿ ಫೋನ್ ಮಾಡಿದ್ದು ನಂಬಿಕೆಯಿಂದಲೇ ಅಲ್ಲವೇ? ಕನ್ನಡದಲ್ಲಿ ಎರಡು ಪದ ಇರುವಾಗ ಎರಡನ್ನೂ ಬಳಸಿ, ‘ಪೊಲೀಸರ ಗುಮಾನಿ, ಜನರ ಅಪನಂಬಿಕೆ’ ಎಂದು ಬಿಡಿಸಿ ಬರೆಯಬೇಕೆಂದಿದ್ದೇನೆ. ಮೂಲವನ್ನು ಮೀರಿದಂತಾಗುತ್ತದೆ ಎಂದು ಗೆಳೆಯರೊಬ್ಬರ ಆಕ್ಷೇಪ. ಮೀರಿಲ್ಲ, ಲೇಖನದ ಉಳಿದ ಭಾಗವೆಲ್ಲ ಇದನ್ನೇ ಹೇಳುತ್ತದೆ ಎಂಬುದು ನನ್ನ ವಾದ. ನಿಮ್ಮ ಅಭಿಪ್ರಾಯ ತಿಳಿಸಿ.

‘ಸ್ಟಾಪ್ ಅಂಡ್ ಸರ್ಚ್’ಗೆ ‘ತಡೆದು ತಪಾಸಣೆ’ ಎಂದರೆ ವಿಮಾನ ನಿಲ್ದಾಣದ ಕೆಲಸದಂತಿರುತ್ತದೆ, ಮೈಮೇಲೆ ಕೈ ಬೀಳುವುದು ಕಾಣುವುದಿಲ್ಲ. ನಮ್ಮ ಉತ್ತರ ಕರ್ನಾಟಕದ ಪಂಚನಾಮೆಗಳಲ್ಲಿ ‘ಅಂಗ ಜಡತಿ’ ಎಂದು ಬರೆಯುತ್ತಾರೆ, ಇದೇ ಸರಿಯಾದ ಪದ ಅನ್ನಿಸುತ್ತದೆ. ಮೈಸೂರು ಸೀಮೆಯ ಓದುಗರಿಗೆ ಅರ್ಥವಾದೀತೇ, ಅಥವಾ ‘ಅಂಗಶೋಧನೆ’ ಎಂದೇ ಬರೆಯಲೇ?

ಕಡೆಯದಾಗಿ, ‘ಬ್ಲ್ಯಾಕ್’. ‘ನೀಗ್ರೊ’, ‘ಕರಿಯರು’ ಎರಡನ್ನೂ ಬಿಟ್ಟಿದ್ದೇನೆ. ‘ಕಪ್ಪು ಜನ’ ಬಹುವಚನದಲ್ಲಿ ನಿಲ್ಲುತ್ತದೆ. ‘ಕಪ್ಪು ಹುಡುಗ’ ಅಂದರೆ ಮಾತ್ರ ನಮ್ಮ ಮನೆಮನೆಯಲ್ಲೂ ಇರುವ ಮೈಬಣ್ಣದ ಮಾತಾಗಿಬಿಡುತ್ತದೆ. ಸ್ಟೀಫನ್ನನ ತಾಯಿತಂದೆ ಜಮೈಕಾದಿಂದ ಬಂದವರು. ಹೆಸರು ಮೊದಲು ಬರುವಲ್ಲಿ ‘ಜಮೈಕಾ ಮೂಲದ’ ಎಂದು ಸೇರಿಸಿ ಮುಂದೆ ‘ಕಪ್ಪು’ ಎಂದರೆ ಸಾಕೇ? ಪತ್ರಿಕೆಯಲ್ಲಿ, ಅನುವಾದದಲ್ಲಿ ಈ ಏಕವಚನವನ್ನು ನಿಭಾಯಿಸಿದವರು ಹೇಗೆ ಮಾಡಿದಿರಿ ತಿಳಿಸಿ.