ಪದ ಬೇಕು: ‘ರಿಸ್ಕ್’ ಅನ್ನುವುದಕ್ಕೆ, ಮತ್ತು ಮಾತಾಡಿಸಲು ಹೋಗುವವರಿಗೆ

ಎಲ್ಲರಿಗೂ ನಮಸ್ಕಾರ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನಾವು ಕೆಲವರು ಸೇರಿ ಒಂದು ಕೆಲಸ ಮಾಡುತ್ತಿದ್ದೇವೆ. ಮನೆಯಿಂದ ಹೊರಗೆ ಬರಲಾಗದ ಅಂಗವಿಕಲರ ಮನೆಗೆ ಆಗಾಗ ಹೋಗಿ, ಕೂತು, ಮಾತಾಡಿ ಬರುವುದು. ಅದರ ಜೊತೆಗೇ ಆರೋಗ್ಯದ ಬಗ್ಗೆ ನಾಲ್ಕು ಮಾತು ತಿಳಿಸುವುದು. ಹೀಗೆ ಹೋಗುವವರಿಗಾಗಿ ಒಂದು ಚಿಕ್ಕ ಪುಸ್ತಕ ಬರೆಯುತ್ತಿದ್ದೇನೆ. ಅದರಲ್ಲಿ ಎರಡು ಕಡೆ ಪದ ಸಿಗದೆ ನಿಂತಿದೆ. (ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎನ್ನುವ ಚರ್ಚೆ ಇಲ್ಲಿ ಬೇಡ. ನಾವು ಹೋಗುವ ಮನೆಗಳಲ್ಲಿ ಅವರೇ ಬಳಸುವ ಪದ ಅಂಗವಿಕಲ.)

ಮೊದಲನೆಯದು ‘ರಿಸ್ಕ್’.

ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಇದು. ಈಗಲೂ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ನಮ್ಮನ್ನು ಬಿಟ್ಟಿಲ್ಲ. ಹೆಸರಲ್ಲಿ ಮಂಗ ಇದ್ದರೂ ನಮಗೆ ತಗಲಿಸುವುದು ಉಣುಗು, ಅಂದರೆ ಮೈಗೆ ಹತ್ತಿ ರಕ್ತ ಹೀರುವ ಉಣ್ಣೆ. ‘ನಾನು ಕಾಡಿಗೇ ಹೋಗೋದಿಲ್ಲ, ನಂಗೇನು?’ ಎಂದು ಮನೆಯಲ್ಲೇ ಇರುವವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಕೊಟ್ಟಿಗೆಗೆ ಹಾಸಲು ತಂದ ದರಕಿನಲ್ಲಿ (ಒಣಗಿದ ಎಲೆಯಲ್ಲಿ), ಸೌದೆಯಲ್ಲಿ, ಮೇಯ್ದು ಬಂದ ದನದ ಮೈಮೇಲೆ ಉಣುಗು ಅಂಗಳದವರೆಗೂ ಬರುತ್ತದೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದಿಂದ ಕೆಳಗೆ ಏನೂ ತಿಳಿಯದವರಿಗೆ ಅದು ಕಾಲಿಗೆ ಹತ್ತಿದ್ದೂ ಗೊತ್ತಾಗುವುದಿಲ್ಲ. ದಿನಾ ಕಾಡಿಗೆ ಹೋಗುವವರಿಗಿಂತ ಇವರಿಗೆ ತಗಲುವುದು ಕಡಿಮೆ. ಆದರೆ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಈ ‘ಕಡಿಮೆ, ಆದರೂ ಇದೆ’ ಅನ್ನುವುದನ್ನು ಹೆದರಿಸದೆ ಹೇಳಬೇಕು.

‘ಅಪಾಯ’ ಅಂದರೆ ಆಗಲೇ ಎದುರಿಗೆ ಬಂದು ನಿಂತದ್ದು. ಅಡಿಕೆ ಮರದಿಂದ ಬಿದ್ದು ಕಾಲಿನ ಶಕ್ತಿ ಹೋದ ಒಬ್ಬರ ಮನೆಯ ಜಗಲಿಯಲ್ಲಿ ಕೂತು ಕರಡನ್ನು ಓದಿ ಹೇಳಿದ್ದೆ. ‘ಇಂಥವರಿಗೆ ಅಪಾಯ ಜಾಸ್ತಿ’ ಎನ್ನುವ ಸಾಲು ಬಂತು. ಅವರು ಏನೂ ಅನ್ನಲಿಲ್ಲ. ಒಳಗಿಂದ ಕೇಳುತ್ತಿದ್ದ ಅವರ ತಾಯಿ ಹೊರಗೆ ಬಂದು, ‘ಹಂಗಾರೆ ಇನ್ನು ಇವನ್ನ ಅಂಗಳಕ್ಕೂ ಇಳಿಸೋದು ಬ್ಯಾಡ’ ಅಂದರು. ದಿನಕ್ಕೆ ಒಂದು ಗಂಟೆ ಬಿಸಿಲು ಕಾಯಲು ಗಾಲಿಕುರ್ಚಿಯಲ್ಲಿ ಅಂಗಳಕ್ಕೆ ಬರುವುದೇ ಅವರಿಗಿರುವ ಹೊರಗಿನ ಲೋಕ. ಒಂದು ಪದಕ್ಕೆ ಅದೂ ಹೋಗುವುದರಲ್ಲಿತ್ತು.

‘ಗಂಡಾಂತರ’ ಬೇಡವೇ ಬೇಡ. ಅದರಲ್ಲಿ ಜಾತಕದ ವಾಸನೆ ಇದೆ; ‘ನೀರಿನಲ್ಲಿ ಗಂಡಾಂತರ ಇದೆ’ ಅನ್ನುವುದಿಲ್ಲವೇ, ಹಾಗೆ. ಹಣೆಬರಹ, ಕರ್ಮ ಎಂದು ಕೇಳಿ ಕೇಳಿ ಬೇಸತ್ತವರ ಮುಂದೆ ಅದನ್ನು ಆಡಬಾರದು. ‘ಅಪಾಯಸಾಧ್ಯತೆ’ ಕಚೇರಿಯ ಸುತ್ತೋಲೆಗೆ ಸರಿ, ಜಗಲಿಗಲ್ಲ. ಬರೀ ‘ಸಾಧ್ಯತೆ’ ಅಂದರೆ ಏನೋ ಒಳ್ಳೆಯದೂ ಆಗಬಹುದು ಅನ್ನುವ ಹಾಗಿದೆ. ‘ರಿಸ್ಕ್’ ಅಂತಲೇ ಇಟ್ಟರೆ? ಎಲ್ಲರಿಗೂ ಗೊತ್ತಿರುವ ಪದ, ನಿಜ. ಆದರೆ ನಮ್ಮ ಮಾತಿನಲ್ಲಿ ರಿಸ್ಕ್ ‘ತಗೊಳ್ಳುವುದು’. ಬೇಕೆಂದು ಧೈರ್ಯ ಮಾಡಿದವರ ಮಾತು ಅದು. ಹಾಸಿಗೆ ಹುಣ್ಣಿನ ರಿಸ್ಕನ್ನು ಯಾರೂ ತಗೊಂಡಿರುವುದಿಲ್ಲ.

ಹೀಗೆ ಯೋಚಿಸುವಾಗ ಹೊಳೆದದ್ದು: ನಾಮಪದವನ್ನು ಯಾಕೆ ಹುಡುಕಬೇಕು? ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಓದಿದ್ದೇವಲ್ಲ, ‘ಬಂದೀತು, ಬಿದ್ದಾನು’ ಎನ್ನುವುದು. ನಮ್ಮ ಕಡೆ ಹಿರಿಯರು ಮಳೆಗಾಲದಲ್ಲಿ ದಿನವಿಡೀ ಅದನ್ನೇ ಆಡುತ್ತಾರೆ. ‘ಜಾರೀತು, ನಿಧಾನ.’ ‘ಬಿದ್ದೀಯ ಮಾರಾಯ.’ ಬಿದ್ದೇ ಬೀಳುತ್ತೀಯ ಎಂದಲ್ಲ, ನಡೆಯಬೇಡ ಎಂದೂ ಅಲ್ಲ. ನಡೆ, ಆದರೆ ನೋಡಿಕೊಂಡು. ನನಗೆ ಬೇಕಾದ್ದು ಇದೇ ಅಲ್ವಾ?

ಹಾಗಾಗಿ ಈಗ ಕರಡಿನಲ್ಲಿ ಹೀಗೆ ಬರೆದಿದ್ದೇನೆ:

‘ಒಂದೇ ಕಡೆ ಕೂತರೆ ಹುಣ್ಣಾದೀತು. ಆಗಾಗ ಎರಡೂ ಕೈ ಊರಿ ಮೈ ಎತ್ತಿ.’

‘ಹಂಡೆಯ ನೀರು ಕಾಲು ಸುಟ್ಟೀತು, ನಿಮಗೆ ತಿಳಿಯಲಿಕ್ಕಿಲ್ಲ. ಹಾಕಿಕೊಳ್ಳುವ ಮೊದಲು ಮೊಣಕೈ ಅದ್ದಿ ನೋಡಿ.’

‘ದರಕಿನ ಹತ್ತಿರ ಕೂತರೆ ಉಣುಗು ಹತ್ತೀತು. ಅಂಗಳದಿಂದ ಬಂದ ಮೇಲೆ ಕಾಲು, ಮೊಣಕಾಲಿನ ಹಿಂದೆ, ಸೊಂಟದ ಸುತ್ತ ಯಾರಾದರೂ ನೋಡಲಿ.’

‘ಆಗಬಹುದು’ ಅಂತಲೂ ಬರೆಯಬಹುದಿತ್ತು. ಆದರೆ ‘ಬಹುದು’ ಅನುಮತಿಗೂ ಆಗುತ್ತದೆ. ‘ಆದೀತು’ ಅನ್ನುವುದರಲ್ಲಿ ಹೇಳುವವರ ಕಾಳಜಿಯೂ ಕೇಳಿಸುತ್ತದೆ. ನನ್ನ ಅನುಮಾನ ಎರಡು. ಬಯಲುಸೀಮೆಯವರಿಗೆ, ಈಗಿನ ಹುಡುಗರಿಗೆ ಇದು ಪುಸ್ತಕದ ಕನ್ನಡ ಅನ್ನಿಸುತ್ತದೆಯೇ? ಮತ್ತೆ, ಜಾಸ್ತಿ ಕಡಿಮೆ ಹೇಳುವುದು ಹೇಗೆ? ಸದ್ಯ ‘ಇದು ಆಗುವುದು ಜಾಸ್ತಿ’, ‘ಅಪರೂಪಕ್ಕೆ ಆದೀತು’ ಎಂದು ಇಟ್ಟಿದ್ದೇನೆ. ಅಧ್ಯಾಯಕ್ಕೆ ತಲೆಬರಹ ‘ಹುಷಾರು’. ಆರೋಗ್ಯಕ್ಕೂ ಎಚ್ಚರಕ್ಕೂ ನಮಗೆ ಅದೊಂದೇ ಪದ, ನನಗೆ ಬಹಳ ಇಷ್ಟ.

ಎರಡನೆಯದು, ಹೋಗುವವರನ್ನು ಏನೆಂದು ಕರೆಯುವುದು. ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಬಿಫ್ರೆಂಡಿಂಗ್ ಎನ್ನುತ್ತಾರೆ. 1953ರಲ್ಲಿ ಲಂಡನ್ನಿನಲ್ಲಿ ಶುರುವಾದ, ಸಂಕಟದಲ್ಲಿರುವವರ ಮಾತು ಕೇಳುವ ಸಂಸ್ಥೆಯಾದ ಸಮಾರಿಟನ್ಸ್‌ನವರು, ವೈದ್ಯರಲ್ಲದ ಸಾಮಾನ್ಯ ಜನ ಕೂತು ಕೇಳಿಸಿಕೊಳ್ಳುವುದಕ್ಕೆ ಈ ಪದ ಬಳಸಿದರು. ‘ಆಪ್ತಸಮಾಲೋಚಕ’ ಆಗುವುದಿಲ್ಲ, ನಾವು ಸಲಹೆ ಕೊಡಲು ಕಲಿತವರಲ್ಲ. ‘ಸಂಗಾತಿ’ ಈಗ ಗಂಡಹೆಂಡಿರಿಗೆ ಮೀಸಲು. ‘ಗೆಳೆಯ, ಗೆಳತಿ’ ಹಳ್ಳಿಯಲ್ಲಿ ಕಷ್ಟ. ಕಾಲೇಜಿನ ಹುಡುಗಿಯೊಬ್ಬಳು ಹೋಗುವ ಮನೆಯಲ್ಲಿ ಯಾರು ಹೇಗೆ ತಿಳಿಯುತ್ತಾರೋ. ‘ಒಡನಾಡಿ’ ಗಂಡಿಗೂ ಹೆಣ್ಣಿಗೂ ಸರಿಹೊಂದುತ್ತದೆ. ಆದರೆ ಅದು ವರ್ಷಗಟ್ಟಲೆ ಜೊತೆಗಿದ್ದವರಿಗೆ ಸಲ್ಲುವ ಪದ. ಮೊನ್ನೆ ಪರಿಚಯವಾದವರು ತಾವಾಗೇ ಅದನ್ನು ಹಾಕಿಕೊಳ್ಳಬಹುದೇ?

ಜನ ಆಡುವುದು ಬೇರೆಯೇ. ‘ಮಾತಾಡ್ಸಕ್ಕೆ ಬರೋರು ಬಂದ್ರು’ ಅನ್ನುತ್ತಾರೆ. ‘ಅಜ್ಜಿನ ಮಾತಾಡಿಸ್ಕೊಂಡು ಬಂದೆ’ ಅಂದರೆ ಅಜ್ಜಿಯ ಮನೆಗೆ ಹೋದೆ, ಹೇಗಿದ್ದಾರೆ ನೋಡಿದೆ, ಕಾಫಿ ಕುಡಿದೆ, ಎಲ್ಲ ಬಂತು. ಈ ‘ಮಾತಾಡಿಸು’ವಿನಷ್ಟು ಹತ್ತಿರದ ಪದ ನನಗೆ ಬೇರೆ ಕಾಣುತ್ತಿಲ್ಲ. ಆದರೆ ನಾವು ಹೋಗುವ ಮನೆಗಳಲ್ಲಿ ಕಿವಿ ಕೇಳದ, ಕೈಸನ್ನೆಯಲ್ಲೇ ಎಲ್ಲ ಹೇಳುವ ಹುಡುಗಿಯೊಬ್ಬಳಿದ್ದಾಳೆ. ಸನ್ನೆಯೂ ಮಾತೇ ಎಂದು ನಾನು ನಂಬುತ್ತೇನೆ. ಪುಸ್ತಕ ಓದುವ ಕಿವುಡರಿಗೆ ಹಾಗನ್ನಿಸುತ್ತದೆಯೇ, ಅಥವಾ ತಮ್ಮನ್ನು ಬಿಟ್ಟರು ಅನ್ನಿಸುತ್ತದೆಯೇ? ಗೊತ್ತಿರುವವರು ದಯವಿಟ್ಟು ಹೇಳಿ.

ಇನ್ನೊಂದು ಸಣ್ಣ ಮಾತು. ‘ಒಂಟಿ’ ಎಂದು ಬರೆಯುವುದನ್ನು ನಾನು ಬಿಟ್ಟಿದ್ದೇನೆ. ಮಲೆನಾಡಿನಲ್ಲಿ ಒಂಟಿಮನೆ ಅನ್ನುವುದು ಮಾಮೂಲು, ತೋಟಕ್ಕೊಂದು ಮನೆ. ಅಂಥ ಮನೆಯಲ್ಲಿ ಆರು ಜನ ನಗುತ್ತಾ ಇರುತ್ತಾರೆ. ಪೇಟೆಯ ನಡುವಿನ ಮನೆಯಲ್ಲಿ ಹಿಂದಿನ ಕೋಣೆಗೆ ಯಾರೂ ಇಣುಕುವುದಿಲ್ಲ. ‘ಜನಸಂಪರ್ಕ ತಪ್ಪಿದವರು’ ಎಂದು ಬರೆದಿದ್ದೇನೆ, ಇನ್ನೂ ಹಗುರವಾದದ್ದು ಇದ್ದರೆ ತಿಳಿಸಿ.

ಜೂನ್‌ಗೆ ಮೊದಲು ಪ್ರಿಂಟ್ ಆಗಬೇಕು. ಆಮೇಲೆ ಮಳೆಗಾಲ, ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ) ದಾಟುವುದು ಕಷ್ಟ, ಎಷ್ಟೋ ಮನೆಗೆ ಫೋನಿನಲ್ಲೇ ಮಾತು, ಅದೂ ನೆಟ್‌ವರ್ಕ್ ಇದ್ದ ದಿನ. ಕಣ್ಣು ಕಾಣದವರಿಗಾಗಿ ಇಡೀ ಪುಸ್ತಕವನ್ನು ಓದಿ ರೆಕಾರ್ಡ್ ಮಾಡಿಯೂ ಕಳಿಸುತ್ತೇವೆ. ಆದ್ದರಿಂದ ನೀವು ಸೂಚಿಸುವ ಪದವನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ, ಆಮೇಲೆ ಬರೆಯಿರಿ. ನಿಮ್ಮ ಊರಿನಲ್ಲಿ ‘ಬಿದ್ದೀಯ’ ಅನ್ನುವ ಜಾಗದಲ್ಲಿ ಏನನ್ನುತ್ತಾರೆ ಅನ್ನುವುದನ್ನೂ ಊರಿನ ಹೆಸರಿನೊಂದಿಗೆ ತಿಳಿಸಿ.