ಕ್ಯಾನ್ಸರ್ ಚಿಕಿತ್ಸೆ ಮತ್ತು ವ್ಯಾಯಾಮ: ಫಿಸಿಯೋ ಮೇಡಂ ಜೊತೆ ಪ್ರಶ್ನೋತ್ತರ

ಹೊಸಬಳು: ಮೇಡಂ, ಮೂರನೇ ಕೀಮೋ ಆಯ್ತು. ಸ್ನಾನ ಮಾಡಿ ಬಂದರೂ ಸುಸ್ತು. ಮನೆಯವರು ಮಲಗೇ ಇರು ಅಂತಾರೆ. ವಾಕಿಂಗ್ ಮಾಡಬಹುದಾ?

ಫಿಸಿಯೋ: ಮಾಡಿ. ಇದು ಮಲಗಿದರೆ ಹೋಗುವ ಸುಸ್ತಲ್ಲ, ಮಲಗಿದಷ್ಟೂ ಜಾಸ್ತಿಯಾಗುತ್ತದೆ. ಮೊದಲು ಐದು ನಿಮಿಷ ಸಾಕು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ನಿಧಾನವಾಗಿ ವಾರಕ್ಕೆ 3 ದಿನ, 30 ನಿಮಿಷಕ್ಕೆ ಬನ್ನಿ. ಜ್ವರ 38 ಡಿಗ್ರಿ ದಾಟಿದರೆ ವಾಕಿಂಗ್ ಬಿಟ್ಟು ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ.

ಬಿಸಿಲುಕೋಲು: ಕೀಮೋದಿಂದ ಕಾಲ್ಬೆರಳು ಜೋಮು ಹಿಡಿದಂತಿದೆ. ಸೈಕಲ್ ತುಳಿಯಬಹುದಾ?

ಹಸಿರೆಲೆ: ಬಂದ ಮೆಸೇಜ್: ದಿನಾ 40 ನಿಮಿಷ ದೀರ್ಘವಾಗಿ ಉಸಿರೆಳೆದರೆ ಆಮ್ಲಜನಕ ತುಂಬಿ ಕ್ಯಾನ್ಸರ್ ಕಣ ಸಾಯುತ್ತೆ. ಕೀಮೋ ಬೇಕಿಲ್ಲ. ಎಲ್ಲರಿಗೂ ಕಳಿಸಿ.

ಫಿಸಿಯೋ: ಯಾರಿಗೂ ಕಳಿಸಬೇಡಿ. ಉಸಿರಾಟದ ವ್ಯಾಯಾಮ ಮನಸ್ಸಿಗೆ ಒಳ್ಳೆಯದು. ಗಡ್ಡೆ ಕರಗಿಸುವುದಿಲ್ಲ.

ದೊಡ್ಡಮಗ: ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್. ವಿಡಿಯೋ ನೋಡಿ ಸ್ಕ್ವಾಟ್, ಸಿಟ್-ಅಪ್ ಮಾಡಿಸುತ್ತಿದ್ದೇನೆ. ಬೆನ್ನುನೋವು ಶುರುವಾಗಿದೆ, ರಾತ್ರಿ ಜಾಸ್ತಿ. ಎರಡು ದಿನದಿಂದ ಗೋಡೆ ಹಿಡಿದು ನಡೆಯುತ್ತಾರೆ. ನಿನ್ನೆ ಕಾಲಿಂದ ಚಪ್ಪಲಿ ಜಾರಿದ್ದೇ ಅವರಿಗೆ ಗೊತ್ತಾಗಲಿಲ್ಲ. ವ್ಯಾಯಾಮ ಕಡಿಮೆ ಮಾಡಲಾ?

ಫಿಸಿಯೋ: ಎಲ್ಲ ನಿಲ್ಲಿಸಿ. ಇದು ಸ್ನಾಯು ನೋವಿನ ಹಾಗೆ ಕಾಣುತ್ತಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದರೆ ಬೆನ್ನುಮೂಳೆಗೆ ಹೋಗುವುದು ತುಂಬಾ ಸಾಮಾನ್ಯ. ಅಲ್ಲಿ ಬೆನ್ನುಹುರಿಯನ್ನು ಒತ್ತಿದರೆ ಮೊದಲು ರಾತ್ರಿ ಮಲಗಿದಾಗ ಜಾಸ್ತಿಯಾಗುವ ನೋವು. ಆಮೇಲೆ ಕಾಲಿನ ಬಲ, ಸ್ಪರ್ಶ ಹೋಗುತ್ತವೆ, ಮೂತ್ರವೂ ಕಟ್ಟಬಹುದು. ನಾಳೆಯ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ. ಅಪ್ಪನನ್ನು ಮಲಗಿಸಿ, ಆಂಬುಲೆನ್ಸ್ ಕರೆಸಿ. ಆಸ್ಪತ್ರೆ ಬಾಗಿಲಲ್ಲೇ "ಪ್ರಾಸ್ಟೇಟ್ ಕ್ಯಾನ್ಸರ್ ಇದೆ, ಕಾಲಿನ ಬಲ ಹೋಗ್ತಿದೆ" ಅಂತ ಹೇಳಿ. ಇಡೀ ಬೆನ್ನಿನ ಎಂಆರ್‌ಐ ಬೇಕಾಗುತ್ತದೆ. ಚಿಕಿತ್ಸೆ ಶುರುವಾಗುವ ಹೊತ್ತಿಗೆ ಇನ್ನೂ ನಡೆಯುತ್ತಿರುವವರು ಆಮೇಲೂ ನಡೆಯುವ ಸಾಧ್ಯತೆ ಜಾಸ್ತಿ. ಅದಕ್ಕೇ ಈ ಅವಸರ. ಮೂತ್ರ ಸರಿ ಹೋಗ್ತಿದೆಯಾ?

ನಡಿಗೆಪ್ರಿಯ: ಕೀಮೋ ಟೈಮಲ್ಲಿ ವಾಕಿಂಗ್ ಮಾಡಬಹುದಾ?

ಫಿಸಿಯೋ: ಮೇಲೆ ಓದಿ.

ನೇರನುಡಿ: ಸ್ತನದ ಆಪರೇಷನ್ ಆದ ಕಡೆಯ ಕೈಯಲ್ಲಿ ಜೀವನಪೂರ್ತಿ ಭಾರ ಎತ್ತಬಾರದು. ನಮ್ಮ ಅತ್ತೆಗೆ ಡಾಕ್ಟರೇ ಹೇಳಿದ್ದರು.

ಎಡಗೈ: ಯಾವ ಕಾಲದಲ್ಲಿ? ನಾನು ಡಂಬೆಲ್ ಎತ್ತುತ್ತೇನೆ. ಬಾವು ಬಂದಿಲ್ಲ.

ನೇರನುಡಿ: ನಿಮಗೆ ಬಂದಿಲ್ಲ ಅಂದ್ರೆ ಯಾರಿಗೂ ಬರಲ್ವಾ? ಬಂದಾಗ ಗೊತ್ತಾಗುತ್ತೆ.

ಎಡಗೈ: ಶಾಪ ಹಾಕ್ತೀರಾ? ನೀವು ಯಾವ ಚಿಕಿತ್ಸೆ ತಗೊಂಡಿದ್ದೀರಿ ಸ್ವಾಮಿ?

ಫಿಸಿಯೋ: ಆಗಲೇ ಬಾವು ಇದ್ದ ಮಹಿಳೆಯರ ಮೇಲೇ 2009ರಲ್ಲಿ ಅಧ್ಯಯನ ಆಗಿದೆ. ತರಬೇತಿ ಪಡೆದು ನಿಧಾನವಾಗಿ ಭಾರ ಏರಿಸಿದವರಿಗೆ ಬಾವು ಜಾಸ್ತಿಯಾಗಲಿಲ್ಲ. ಜಗಳ ಬೇರೆ ಕಡೆ ಆಡಿ. ದೊಡ್ಡಮಗ ಅವರೇ, ಹೊರಟಿರಾ?

ಹಸಿರೆಲೆ: ವ್ಯಾಯಾಮ ಮಾಡಿದ್ರೆ ಕ್ಯಾನ್ಸರ್ ವಾಪಸ್ ಬರಲ್ಲ ಅಂತ 2025ರಲ್ಲಿ ವಿಜ್ಞಾನಿಗಳೇ ಒಪ್ಪಿದ್ದಾರೆ. ಆವಾಗ ಮಾತ್ರ ನಂಬ್ತೀರಾ?

ಫಿಸಿಯೋ: ಪೂರ್ತಿ ಓದಿ. ಅದು ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 889 ಜನರ ಅಧ್ಯಯನ. ಆಪರೇಷನ್, ಕೀಮೋ ಎರಡೂ ಮುಗಿದ ಮೇಲೆ ಮೂರು ವರ್ಷ ವ್ಯಾಯಾಮ. ಐದು ವರ್ಷಕ್ಕೆ ರೋಗವಿಲ್ಲದೆ ಇದ್ದವರು ನೂರಕ್ಕೆ 80, ಬರೀ ಮಾಹಿತಿ ಪುಸ್ತಕ ಸಿಕ್ಕವರಲ್ಲಿ 74. ದೊಡ್ಡ ವ್ಯತ್ಯಾಸವೇ. ಆದರೆ ಕೀಮೋ ಬಿಟ್ಟವರು ಅದರಲ್ಲಿಲ್ಲ. ಇನ್ನೊಂದು ಫಾರ್ವರ್ಡ್ ಹಾಕಿದರೆ ಅಡ್ಮಿನ್‌ಗೆ ಹೇಳುತ್ತೇನೆ.

ದೊಡ್ಡಮಗ: ಆಂಬುಲೆನ್ಸ್ ಬಂತು ಮೇಡಂ. ಬೆಳಿಗ್ಗೆಯಿಂದ ಮೂತ್ರ ಸರಿಯಾಗಿ ಹೋಗಿಲ್ಲವಂತೆ. ನಾಚಿಕೆಯಿಂದ ಹೇಳಿರಲಿಲ್ಲ. "ಇವತ್ತಿನ ಸ್ಕ್ವಾಟ್ ಬಾಕಿ ಇದೆ" ಅಂತಿದ್ದಾರೆ.

ಫಿಸಿಯೋ: ಬೇಡ ಅನ್ನಿ. ಮೂತ್ರದ ವಿಷಯವನ್ನೂ ಅಲ್ಲಿ ಮೊದಲೇ ಹೇಳಿ. ಎಂಆರ್‌ಐ ಆದ ಮೇಲೆ ಎಷ್ಟು ಹೊತ್ತಾದರೂ ನನಗೆ ಮೆಸೇಜ್ ಮಾಡಿ.

ಬಿಸಿಲುಕೋಲು: ಸೈಕಲ್ ಬಗ್ಗೆ ಯಾರಾದ್ರೂ ಹೇಳಿ ಪ್ಲೀಸ್.